ಕಷಾಯ ಎಲ್ಲರೂ ಕೊಡ್ತಾರೆ, ರಜೆ ಯಾರೂ ಕೊಡಲ್ಲ

"ಜರ್ಮನಿ ಡಾಕ್ಟರು ಅಂದ್ರೆ ಇಷ್ಟೇನಾ? ಒಂದು ಮಾತ್ರೇನೂ ಬರೆದು ಕೊಡಲಿಲ್ವಾ?" ಅಂತ ಮನೆಯ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಮ್ಮ ಬರೆದರು. ಅದರ ಕೆಳಗೆ ನಗುವ ಮುಖಗಳ ಸಾಲು. ಸ್ವಲ್ಪ ಚುಚ್ಚಿತು. ಯಾಕಂದರೆ ಕ್ಲಿನಿಕ್ಕಿನಿಂದ ಹೊರಗೆ ಬರುವಾಗ ನಾನೂ ಅದನ್ನೇ ಗೊಣಗಿಕೊಂಡಿದ್ದೆ.

ಕೋವಿಡ್ ಬಂದು ಹೋಗಿ ತಿಂಗಳುಗಳಾಗಿದ್ದವು. ಜ್ವರ, ಕೆಮ್ಮು ಎರಡೂ ಬಿಟ್ಟಿದ್ದವು. ಸುಸ್ತು ಮಾತ್ರ ಮನೆ ಅಳಿಯನ ಹಾಗೆ ಕೂತುಬಿಟ್ಟಿತ್ತು. ಇವತ್ತು ಎರಡು ಮಹಡಿ ಹತ್ತಿದರೆ ನಾಳೆ ಪೂರ್ತಿ ಹಾಸಿಗೆ. ಮೀಟಿಂಗಿನಲ್ಲಿ ಮಾತಾಡುತ್ತಾ ಇರುವಾಗಲೇ ಬೇಕಾದ ಪದ ಕೈಕೊಡುತ್ತಿತ್ತು. ಎಲ್ಲಕ್ಕಿಂತ ಹೊಟ್ಟೆ ಉರಿದಿದ್ದು ಕಾಫಿ ವಿಷಯಕ್ಕೆ. ಹಾಸನದ ಕಡೆಯವನು ನಾನು. ಡಿಕಾಕ್ಷನ್ ಇಳಿಯುವಾಗ ಸುಟ್ಟ ರಬ್ಬರಿನ ವಾಸನೆ ಬಂದರೆ ಬೆಳಿಗ್ಗೆ ಏಳುವುದಾದರೂ ಯಾಕೆ?

ಇಲ್ಲಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಎದೆ ಕೇಳಿದರು. ಎಲ್ಲ ಸರಿಯಾಗಿದೆ ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: "ಕೆಲಸ ಮಾಡಿದ ದಿನ ಅಲ್ಲ, ಅದರ ಮರುದಿನ ಹೇಗಿರುತ್ತೀರಿ?" ಆ ತನಕ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ದಿನಕ್ಕೆ ಏನೇನು ಮಾಡಿದೆ, ಮರುದಿನ ಏನಾಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ ಅಂದರು. ಸುಸ್ತಾಗುವ ಮುಂಚೆಯೇ ನಿಲ್ಲಿಸಿ, ಸುಸ್ತಾದ ಮೇಲಲ್ಲ ಅಂದರು. ಗಂಟಲಿಗೆ ಥೈಮ್ ಟೀ ಕುಡಿಯಿರಿ ಅಂದರು. ಹೌದು, ಡಾಕ್ಟರೇ ಸೊಪ್ಪಿನ ಟೀ ಕುಡಿ ಅಂತಾರೆ ಇಲ್ಲಿ. ಕೊನೆಗೆ ಕಂಪ್ಯೂಟರಿನಲ್ಲಿ ಏನೋ ಒತ್ತಿದರು. ನನ್ನ ರಜೆ ಚೀಟಿ ಸೀದಾ ಆರೋಗ್ಯ ವಿಮಾ ಸಂಸ್ಥೆಗೆ ಹೋಯಿತು. ಅಷ್ಟೇ ಚಿಕಿತ್ಸೆ.

ಅವತ್ತು ಸಂಜೆಯೇ ಊರಿನಿಂದ ಚಿಕಿತ್ಸೆಗಳ ಮಳೆ. ಅಮೃತಬಳ್ಳಿ ಕಷಾಯ. ಅಶ್ವಗಂಧ ಪುಡಿ ಹಾಲಿನಲ್ಲಿ. ಚ್ಯವನಪ್ರಾಶ. ಮೂಗಿಗೆ ಎರಡು ತೊಟ್ಟು ತುಪ್ಪ. "ಶಿವಮೊಗ್ಗದಲ್ಲೊಬ್ಬರು ಹೋಮಿಯೋಪತಿ ಡಾಕ್ಟರಿದ್ದಾರೆ, ಫೋನಲ್ಲೇ ಕೊಡ್ತಾರೆ." ಅತ್ತೆ ದೃಷ್ಟಿ ತೆಗೆಸು ಅಂದರು. ಮಾವ ದಿನಾ ಹನ್ನೆರಡು ಸೂರ್ಯನಮಸ್ಕಾರ ಹಾಕು, ಎಲ್ಲ ಓಡಿಹೋಗುತ್ತೆ ಅಂದರು. ಅವರೆಲ್ಲರ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ಆ ಉದ್ದದ ಪಟ್ಟಿಯಲ್ಲಿ ಎಲ್ಲೂ, ಒಬ್ಬರೂ, "ಸುಮ್ನೆ ಮಲಗಿಕೋ" ಅಂತ ಬರೆದಿರಲಿಲ್ಲ.

ನನ್ನ ತಕರಾರು ಕಷಾಯದ ಮೇಲಲ್ಲ. ಕಷಾಯ ಕುಡಿದು ಎದ್ದು ಕೆಲಸಕ್ಕೆ ಹೋಗು ಅನ್ನುತ್ತಾರಲ್ಲ, ಅದರ ಮೇಲೆ.

ಈ ಅಭ್ಯಾಸ ಕೋವಿಡ್ಡಿನಿಂದ ಬಂದಿದ್ದಲ್ಲ. 2006ರ ಚಿಕೂನ್‌ಗುನ್ಯಾ ನೆನಪಿದೆಯಲ್ವಾ? ಆ ವರ್ಷ ಇಡೀ ದೇಶದಲ್ಲಿ ಅತಿ ಹೆಚ್ಚು ಶಂಕಿತ ಪ್ರಕರಣಗಳು ಬಂದಿದ್ದು ನಮ್ಮ ರಾಜ್ಯದಲ್ಲೇ, 7 ಲಕ್ಷಕ್ಕೂ ಮೇಲೆ. ಜ್ವರ ಒಂದು ವಾರದಲ್ಲಿ ಬಿಟ್ಟಿತು. ಕೀಲು ನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬಿಡಲಿಲ್ಲ. ನಮ್ಮ ದೊಡ್ಡಮ್ಮನಿಗೆ ಬೆಳಿಗ್ಗೆ ಬೆರಳು ಮಡಚಲು ಆಗುತ್ತಿರಲಿಲ್ಲ. ಮನೆಯಲ್ಲಿ ಮಹಾನಾರಾಯಣ ತೈಲದ ಬಾಟಲಿ ಸಾಲಾಗಿ ನಿಂತಿದ್ದವು. ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟುತ್ತಿದ್ದರು. ಬಿಳಿ ಗುಳಿಗೆಗಳ ಸೀಸೆ ಕಿಟಕಿಯಲ್ಲಿ. ಎಲ್ಲ ಇತ್ತು. ಆದರೆ ಬೆಳಿಗ್ಗೆ ಐದೂವರೆಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವವರು ಅವರೇ. ಮಡಚದ ಬೆರಳುಗಳ ಸಂದಿಯಿಂದ ಪುಡಿ ಸುಮ್ನೆ ಸುರಿಯುತ್ತಿತ್ತು, ಗೆರೆ ದಪ್ಪಗೆ, ವಕ್ರವಾಗಿ ಬೀಳುತ್ತಿತ್ತು. ಯಾರೂ ಅವರ ಕೈಯಿಂದ ಆ ಬಟ್ಟಲು ತಗೊಳ್ಳಲಿಲ್ಲ. ಎಣ್ಣೆ ಹಚ್ಚಲು ಮಾತ್ರ ಎಲ್ಲರೂ ಮುಂದೆ.

ನಮ್ಮ ಹಳಬರು ಹೀಗಿರಲಿಲ್ಲ ಅನ್ನುವುದೇ ನನಗೆ ಸಿಟ್ಟು ತರಿಸುವ ವಿಷಯ. ಟೈಫಾಯ್ಡ್ ಬಂದು ಎದ್ದವರಿಗೆ ಪಥ್ಯ ಅಂತ ಒಂದಿತ್ತು. ಗಂಜಿ, ಮೆಣಸಿನ ಸಾರು, ಹುರುಳಿ ಕಟ್ಟು. ಜೊತೆಗೆ ಬಿಸಿಲಿಗೆ ಹೋಗಬಾರದು, ತಣ್ಣೀರು ಮುಟ್ಟಬಾರದು, ಜಾಸ್ತಿ ಮಾತಾಡಬಾರದು. ಜ್ವರ ಬಿಟ್ಟ ಮೇಲೂ ದೇಹ ಇನ್ನೂ ಕಾಯಿಲೆಯಲ್ಲಿದೆ ಅಂತ ಒಪ್ಪಿಕೊಂಡಿದ್ದ ವ್ಯವಸ್ಥೆ ಅದು. ಬಾಣಂತನದಲ್ಲಿ ಈಗಲೂ ಒಪ್ಪುತ್ತೇವೆ. ಮಿಕ್ಕ ಕಾಯಿಲೆಗಳಿಗೆ ಏನಾಯಿತು? ಮದ್ದಿನ ಅರ್ಧ ಉಳಿಸಿಕೊಂಡು ಪಥ್ಯದ ಅರ್ಧ ಕೈಬಿಟ್ಟೆವು. ಅಮೃತಬಳ್ಳಿ ಈಗ ಜ್ಯೂಸ್ ಬಾಟಲಿಯಲ್ಲಿ, ಮಾತ್ರೆಯಲ್ಲಿ ಸಿಗುತ್ತದೆ. ಮಲಗುವುದಕ್ಕೆ ಬಾಟಲಿ ಇಲ್ಲವಲ್ಲ, ಯಾರು ಮಾರುತ್ತಾರೆ?

ಪ್ರಕೃತಿ ಚಿಕಿತ್ಸೆಯ ಕಥೆಯೂ ಹಾಗೇ. ಚಿಕ್ಕಮ್ಮ "ಮಣ್ಣಿನ ಪಟ್ಟಿ, ಕಟಿಸ್ನಾನ ನಮ್ಮ ಋಷಿಗಳು ಕೊಟ್ಟಿದ್ದು" ಅಂದಾಗ ನನಗೆ ನಗು ಬಂತು. ಕಟಿಸ್ನಾನವನ್ನು, ಅಂದರೆ ಸೊಂಟದ ತನಕ ನೀರಿನಲ್ಲಿ ಕೂರುವುದನ್ನು, ಗಾಂಧೀಜಿ ಕಲಿತಿದ್ದು ಲೈಪ್ಸಿಗ್‌ನ ಲೂಯಿ ಕೂನೆ ಬರೆದದ್ದನ್ನು ಓದಿ. ಮಣ್ಣಿನ ಪಟ್ಟಿ ಕಲಿತಿದ್ದು ಅಡಾಲ್ಫ್ ಯುಸ್ಟ್ ಅನ್ನುವ ಇನ್ನೊಬ್ಬ ಜರ್ಮನ್ ಬರೆದದ್ದರಿಂದ. ಶಿವಮೊಗ್ಗದ ಆ ಬಿಳಿ ಗುಳಿಗೆ ಕೂಡ ಇಲ್ಲಿನದೇ, ಹೋಮಿಯೋಪತಿ ಹುಟ್ಟುಹಾಕಿದ ಹಾನೆಮಾನ್ ಹುಟ್ಟಿದ್ದು 1755ರಲ್ಲಿ, ಮೈಸನ್ ಅನ್ನುವ ಊರಿನಲ್ಲಿ. ಅಂದರೆ ನಾನು ಬಿಟ್ಟು ಬಂದ ಊರಿನವರು ನಾನಿರುವ ಊರಿನ ಮದ್ದನ್ನೇ ನನಗೆ ವಾಪಸ್ ಕಳಿಸುತ್ತಿದ್ದಾರೆ! ಇರಲಿ. ಆದರೆ ಅದೇ ಗಾಂಧೀಜಿ 1927ರಲ್ಲಿ ರಕ್ತದೊತ್ತಡ ಏರಿ ಕುಸಿದಾಗ ಏನು ಮಾಡಿದರು? ಪ್ರವಾಸ ನಿಲ್ಲಿಸಿ ನಮ್ಮ ನಂದಿಬೆಟ್ಟಕ್ಕೆ ಬಂದು ವಾರಗಟ್ಟಲೆ ವಿಶ್ರಾಂತಿ ತಗೊಂಡರು. ದೇಶದ ಕೆಲಸಕ್ಕೇ ರಜೆ ಹಾಕಿದರು. ನಾವು ಅವರಿಂದ ಮಣ್ಣಿನ ಪಟ್ಟಿ ಕಲಿತೆವು, ನಂದಿಬೆಟ್ಟಕ್ಕೆ ಮಾತ್ರ ವೀಕೆಂಡಿನಲ್ಲಿ ಬೈಕ್ ತಗೊಂಡು ಹೋಗುತ್ತೇವೆ.

ಇಲ್ಲಿನ ಮನೆಮದ್ದುಗಳಲ್ಲಿ ನನಗೆ ಇಷ್ಟವಾಗಿದ್ದು, ಕೆಟ್ಟ ಮೂಗನ್ನು ಮತ್ತೆ ದಾರಿಗೆ ತರಲು ಮಾಡುವ ವಾಸನೆಯ ಅಭ್ಯಾಸ. ಡ್ರೆಸ್ಡನ್‌ನ ಮೂಗಿನ ತಜ್ಞ ಥಾಮಸ್ ಹುಮ್ಮೆಲ್ ಮತ್ತು ಅವರ ಜೊತೆಗಾರರು 2009ರಲ್ಲಿ ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಈ ನಾಲ್ಕು ವಾಸನೆಗಳನ್ನು ದಿನಕ್ಕೆ ಎರಡು ಸಲ, 12 ವಾರ ಮೂಸಬೇಕು. ಸುಮ್ನೆ ಮೂಸಿದರೆ ಸಾಲದು, ಆ ವಾಸನೆಯನ್ನು ನೆನಪು ಮಾಡಿಕೊಳ್ಳುತ್ತಾ ಮೂಸಬೇಕು ಅಂತ ಡಾಕ್ಟರಮ್ಮ ಹೇಳಿದ್ದರು. ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯ ಬೆಲೆ ನೋಡಿ ನಾನು ಅಡುಗೆಮನೆಗೆ ಹೋದೆ. ಉಪ್ಪಿನಕಾಯಿ ಮುಗಿದ ನಾಲ್ಕು ಪುಟ್ಟ ಸೀಸೆಗಳು. ಒಂದರಲ್ಲಿ ಜಜ್ಜಿದ ಲವಂಗ. ಒಂದರಲ್ಲಿ ನಿಂಬೆ ಸಿಪ್ಪೆ. ಅಪ್ಪ ಊಟಿಯಿಂದ ತಂದು ಕೊಟ್ಟ ನೀಲಗಿರಿ ಎಣ್ಣೆ ಹತ್ತಿಗೆ ಹಾಕಿ ಇನ್ನೊಂದರಲ್ಲಿ. ಗುಲಾಬಿಗೆ ತಂಗಿಯ ಮದುವೆಯಲ್ಲಿ ಉಳಿದ ಪನ್ನೀರು. ಇದು ಮನೆಮದ್ದೋ ಆಸ್ಪತ್ರೆ ಮದ್ದೋ ಅಂತ ಯಾರಾದರೂ ಕೇಳಿದರೆ ನನಗೆ ಹೇಳಲು ಬರಲ್ಲ. ಮೊದಲು ತಿಳಿದಿದ್ದು ನೀಲಗಿರಿ. ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ಅದು ಮೂಗಿಗಿಂತ ಕಣ್ಣಿಗೆ ತಿಳಿಯುವ ವಾಸನೆ. ಲವಂಗ ಬಂದ ದಿನ ಮಾತ್ರ ಹೆಂಡತಿಯನ್ನು ಕೂಗಿ ಕರೆದೆ. ಪಲಾವಿನ ವಾಸನೆ ಅಂದೆ. ಕಾಫಿ ಇನ್ನೂ ಪೂರ್ತಿ ದಾರಿಗೆ ಬಂದಿಲ್ಲ. ಅಭ್ಯಾಸದಿಂದಲೇ ಸರಿಹೋಯಿತಾ, ತಾನಾಗೇ ಸರಿಹೋಗುತ್ತಿತ್ತಾ? ಒಬ್ಬನ ಮೂಗಿನಿಂದ ಅದನ್ನು ತೀರ್ಮಾನ ಮಾಡಲು ಆಗಲ್ಲ.

ಅದಕ್ಕಿಂತ ದೊಡ್ಡ ಮದ್ದು ಅಂದರೆ ಕೆಲಸಕ್ಕೆ ಮರಳಿದ ರೀತಿ. ಇಲ್ಲಿ ಕಾಯಿಲೆ ಬಿದ್ದರೆ ಮೊದಲ ಆರು ವಾರ ಕಂಪನಿಯೇ ಪೂರ್ತಿ ಸಂಬಳ ಕೊಡುತ್ತದೆ. ಆಮೇಲೆ ವಿಮಾ ಸಂಸ್ಥೆ ಒಟ್ಟು ಸಂಬಳದ ಸುಮಾರು 70 ಪರ್ಸೆಂಟ್ ಕೊಡುತ್ತದೆ. ಒಂದೇ ಕಾಯಿಲೆಗೆ, ಕಂಪನಿ ಕೊಟ್ಟ ಆರು ವಾರವನ್ನೂ ಸೇರಿಸಿ, ಮೂರು ವರ್ಷದಲ್ಲಿ 78 ವಾರದ ತನಕ. ವಾಪಸ್ ಹೋಗುವಾಗ ಒಂದೇ ಸಲ ಎಂಟು ಗಂಟೆ ಕೂರಿಸುವುದಿಲ್ಲ. ಮೊದಲು ದಿನಕ್ಕೆ ಎರಡು ಗಂಟೆ, ಕೆಲವು ವಾರ ಬಿಟ್ಟು ನಾಲ್ಕು, ಆಮೇಲೆ ಆರು. ಡಾಕ್ಟರು, ಕಂಪನಿ, ನಾನು ಮೂವರೂ ಒಂದು ಕಾಗದಕ್ಕೆ ಸಹಿ ಹಾಕಬೇಕು. ಆ ವಾರಗಳಲ್ಲಿ ಕಾನೂನಿನ ಲೆಕ್ಕದಲ್ಲಿ ನಾನು ಇನ್ನೂ ರೋಗಿಯೇ. ಎರಡು ಗಂಟೆ ಮುಗಿದ ಮೇಲೂ ನಾನು ಕೂತಿದ್ದರೆ ನನ್ನ ಮ್ಯಾನೇಜರ್ ಬಂದು ಲ್ಯಾಪ್‌ಟಾಪ್ ಕಡೆ ಕಣ್ಣು ಹಾಯಿಸಿ, ಮನೆಗೆ ಹೋಗಿಲ್ವಾ ಅಂತ ಮುಖ ಗಂಟು ಹಾಕುತ್ತಿದ್ದ. ಬೆಂಗಳೂರಿನಲ್ಲಿ ಕೆಲಸ ಮಾಡಿದ ನನಗೆ ಅದು ಕನಸೇ. ಅಲ್ಲಿ ಡ್ರಿಪ್ ಹಾಕಿಸಿಕೊಂಡೇ ಕಾಲ್‌ಗೆ ಸೇರಿದವರನ್ನು ನಾವು ಹೊಗಳುತ್ತಿದ್ದೆವು.

ಹಾಗಂತ ಇಲ್ಲಿನವರೆಲ್ಲ ಬುದ್ಧಿವಂತರು ಅಂತಲ್ಲ. ಕಾಯಿಲೆ ವಾಸಿಯಾಗದಿದ್ದರೆ ಮನುಷ್ಯ ಎಲ್ಲಿದ್ದರೂ ಒಂದೇ. ರಕ್ತ ತೊಳೆಯುತ್ತೇವೆ ಅನ್ನುವ ಖಾಸಗಿ ಕ್ಲಿನಿಕ್ಕುಗಳು ಈ ದೇಶದಲ್ಲೂ ಇವೆ. ದೇಹದಿಂದ ರಕ್ತ ತೆಗೆದು, ಸೋಸಿ, ವಾಪಸ್ ಬಿಡುತ್ತಾರೆ. ಲಾಂಗ್ ಕೋವಿಡ್‌ನವರು, ಅಂದರೆ ಕೋವಿಡ್ ಹೋದ ಮೇಲೂ ನನ್ನ ಹಾಗೆ ತೊಂದರೆ ಬಿಡದವರು, ಬೇರೆ ದೇಶಗಳಿಂದಲೂ ಇದಕ್ಕೆ ಬಂದು, ಉಳಿತಾಯವೆಲ್ಲ ಸುರಿದ ಕಥೆಯನ್ನು 2022ರ ಜುಲೈನಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ ಬಯಲಿಗೆ ತಂದಿತು. ಅದು ಕೆಲಸ ಮಾಡುತ್ತದೆ ಅನ್ನಲು ಗಟ್ಟಿ ಪುರಾವೆ ಇರಲಿಲ್ಲ. ನಮ್ಮ ಕಷಾಯಕ್ಕೂ ಗಟ್ಟಿ ಪುರಾವೆ ಇಲ್ಲ, ಆದರೆ ಅದಕ್ಕೆ ಮನೆ ಅಡ ಇಡಬೇಕಾಗಿಲ್ಲ. ಹಾಗಂತ ಕಷಾಯ ಪೂರ್ತಿ ನಿರಪಾಯ ಅಂತಲೂ ಅಲ್ಲ. 2021ರಲ್ಲಿ ಮುಂಬೈನ ಡಾಕ್ಟರುಗಳು ಅಮೃತಬಳ್ಳಿ ತಗೊಂಡ ಕೆಲವರಲ್ಲಿ ಲಿವರ್ ತೊಂದರೆ ಕಂಡಿದ್ದಾಗಿ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಇದನ್ನು ಗುಂಪಿನಲ್ಲಿ ಹಾಕಿದೆ. ಎರಡು ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು, ಹೇಳಲು ಮನಸ್ಸಿಲ್ಲದಿದ್ದರೂ. ಇಲ್ಲಿ ರಜೆ ಸಿಕ್ಕಿತು, ಜನ ಸಿಗಲಿಲ್ಲ. ಹೆಂಡತಿ ಕೆಲಸಕ್ಕೆ ಹೋದ ಮೇಲೆ ಸಂಜೆ ತನಕ ಗೋಡೆ ನೋಡಿಕೊಂಡು ಮಲಗಿದ್ದೆ. ಪಕ್ಕದ ಮನೆಯವರಿಗೆ ನಾನು ಕಾಯಿಲೆ ಬಿದ್ದಿದ್ದು ಗೊತ್ತೇ ಆಗಲಿಲ್ಲ. ಗೊತ್ತಾಗಿದ್ದರೂ ತೊಂದರೆ ಕೊಡಬಾರದು ಅಂತ ಬಾಗಿಲು ಬಡಿಯುತ್ತಿರಲಿಲ್ಲ. ತಜ್ಞರನ್ನು ನೋಡಲು ತಿಂಗಳುಗಟ್ಟಲೆ ಕಾಯಬೇಕು. ಊರಿನಲ್ಲಾದರೆ ಯಾರಾದರೂ ಒಬ್ಬರು ಲೋಟ ಹಿಡಿದು ತಲೆ ಹತ್ತಿರ ನಿಂತು, "ಕಹಿ ಅಂತ ಮುಖ ತಿರುಗಿಸಬೇಡ" ಅಂತ ಗದರುತ್ತಿದ್ದರು. ಆ ಕಷಾಯದಲ್ಲಿ ಮದ್ದು ಎಷ್ಟಿತ್ತೋ, ಗದರಿಕೆ ಅಂತೂ ಕೆಲಸ ಮಾಡುತ್ತಿತ್ತು ಅಂತ ನನಗೀಗ ಅನಿಸುತ್ತದೆ. ದೊಡ್ಡಮ್ಮನ ಬೆರಳಿಗೆ ದಿನಾ ರಾತ್ರಿ ಎಣ್ಣೆ ತಿಕ್ಕುತ್ತಾ ಕೂತವರು ನಾಲ್ಕು ಜನ. ಹಾಗೆ ಕೂರುವವರನ್ನು ಇಲ್ಲಿನ ಯಾವ ವಿಮೆಯೂ ಕೊಡುವುದಿಲ್ಲ.

ಹಣದ ಮಾತೂ ಇದೆ. ಇಲ್ಲಿ ಪ್ರತಿ ತಿಂಗಳು ಸಂಬಳದಿಂದ ವಿಮೆಗೆ ಕಡಿತವಾಗುವುದನ್ನು ನೋಡಿದರೆ ಸುಸ್ತು ಇನ್ನೊಮ್ಮೆ ಬರುತ್ತದೆ. ದಿನಗೂಲಿಯವರಿಗೆ ಮಲಗಿಕೋ ಅಂತ ಹೇಳುವುದು ಸುಲಭ, ಅವತ್ತಿನ ಅಕ್ಕಿ ಯಾರು ತರುತ್ತಾರೆ? ನಮ್ಮಲ್ಲೂ ನೌಕರರಿಗೆ ಇಎಸ್‌ಐ ಅನ್ನುವ ಸರ್ಕಾರಿ ವಿಮೆ ಇದೆ. ವರ್ಷಕ್ಕೆ 91 ದಿನದ ತನಕ ಸಂಬಳದ 70 ಪರ್ಸೆಂಟ್ ಕೊಡುತ್ತದೆ, ಕೆಟ್ಟ ವ್ಯವಸ್ಥೆ ಏನಲ್ಲ. ಆದರೆ ತಿಂಗಳಿಗೆ 21,000 ದಾಟಿದವರು ಅದರೊಳಗೆ ಬರುವುದಿಲ್ಲ, ಲೆಕ್ಕಕ್ಕೇ ಸಿಗದ ಕೂಲಿಯವರೂ ಬರುವುದಿಲ್ಲ.

ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತಾನೆ. ಮಳೆಗಾಲದಲ್ಲಿ ಡೆಂಗ್ಯೂ ಬಂದು ಎದ್ದ. ಪ್ಲೇಟ್‌ಲೆಟ್ ಏರಿತು, ಸುಸ್ತು ಇಳಿಯಲಿಲ್ಲ. ನಮ್ಮ ರಾಜ್ಯದ ಅಂಗಡಿ ಮತ್ತು ಕಚೇರಿಗಳ ಕಾಯ್ದೆಯ ಪ್ರಕಾರ ಅವನಿಗೆ ವರ್ಷಕ್ಕೆ 12 ದಿನ ಕಾಯಿಲೆ ರಜೆ. ಆಸ್ಪತ್ರೆಯಲ್ಲೇ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮುಗಿದಿತ್ತು. ಯಾವ ಲೇಹ್ಯ ಒಳ್ಳೇದು ಅಂತ ನನ್ನನ್ನು ಕೇಳಿದ. ಲೇಹ್ಯ ಬಿಡು, ಮಿಕ್ಕ ರಜೆ ಹಾಕು ಅಂದೆ. "ಕ್ವಾರ್ಟರ್ ಎಂಡ್ ಕಣೋ" ಅಂದ. ಆಮೇಲೆ ಅವರಮ್ಮನೇ ಒಂದು ಲೇಹ್ಯ ತಂದು ಕೊಟ್ಟಿದ್ದಾರೆ. ಬೆಳಿಗ್ಗೆ ಒಂದು ಚಮಚ ತಿಂದು ಮೆಟ್ರೋ ಹತ್ತುತ್ತಾನೆ.