ಒಬ್ಬರೇ ಕೂತ ಕಾರಿಗೆ ಶುಲ್ಕ ಹಾಕಿ, ಆದರೆ ಮೊದಲು ಬಸ್ ಬಿಡಿ

ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಒಬ್ಬರೇ ಕೂತು ಓಡಿಸುವ ಕಾರಿಗೆ ದಟ್ಟಣೆ ಶುಲ್ಕ ಹಾಕಬೇಕೆಂಬ ಮಾತು 2025ರಲ್ಲಿ ಮತ್ತೆ ಎದ್ದಾಗ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪ್ ಹೊತ್ತಿ ಉರಿಯಿತು. ‘ರೋಡ್ ಟ್ಯಾಕ್ಸ್ ಕಟ್ಟಿದ್ದೀವಿ, ಪೆಟ್ರೋಲ್ ಮೇಲೂ ಕಟ್ತೀವಿ, ಈಗ ಜಾಮಲ್ಲಿ ನಿಲ್ಲೋಕೂ ದುಡ್ಡಾ?’ ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ನಾನು ಶುಲ್ಕದ ಪರ.

ವಾರಕ್ಕೆ ಮೂರು ದಿನ ಕಾರಿನಲ್ಲಿ ಒಬ್ಬನೇ ಮಾರತ್ತಹಳ್ಳಿ ಸೇತುವೆ ದಾಟುವವನು ನಾನು. ಪಕ್ಕದಲ್ಲಿ 500ಡಿ ಬಸ್ ನಿಂತಿರುತ್ತದೆ, ಫುಟ್‌ಬೋರ್ಡಿನವರೆಗೂ ಜನ. ಆ ಬಸ್ಸಿನ ಉದ್ದಕ್ಕೆ ನನ್ನಂಥ ಮೂರು ಕಾರು ನಿಲ್ಲುತ್ತವೆ. ಅಂದರೆ ಮೂರೇ ಜನ. ನಮ್ಮ ಮನೆಗೆ ಅಡುಗೆಗೆ ಬರುವ ಅಕ್ಕ ಅಂಥದ್ದೇ ಬಸ್ಸಿನಲ್ಲಿ ಬರುತ್ತಾರೆ. ಶಕ್ತಿ ಯೋಜನೆಯಿಂದ ಟಿಕೆಟ್ಟೇನೋ ಉಚಿತ. ಆದರೆ ಬಸ್ ಜಾಮಲ್ಲಿ ಸಿಕ್ಕಿಕೊಂಡರೆ ಮುಂದಿನ ಮನೆಯವರ ಬೈಗುಳ ಅವರಿಗೆ, ಸಂಬಳ ಕಡಿತವೂ ಅವರಿಗೆ. ಜಾಮ್ ಮಾಡಿದವನು ನಾನು, ದಂಡ ಕಟ್ಟುವವರು ಅವರು.

2025ರ ಜನವರಿಯಲ್ಲಿ ಬಿಎಂಟಿಸಿ ದರ ಶೇ. 15ರಷ್ಟು ಏರಿತು. ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿ ಆಯಿತು. ರಸ್ತೆ ಬಿಟ್ಟುಕೊಟ್ಟವರಿಗೆ ಹೊರೆ, ರಸ್ತೆ ತುಂಬಿಕೊಂಡ ನನಗೆ ಏನೂ ಇಲ್ಲ. ಇದು ಯಾವ ನ್ಯಾಯ?

ಶುಲ್ಕದ ಮಾತು ಬಂದಾಗ ಎಲ್ಲರೂ ಲಂಡನ್, ಸಿಂಗಪುರ ಎನ್ನುತ್ತಾರೆ. ನಾವು ನೋಡಬೇಕಾದದ್ದು ಸ್ವೀಡನ್ನಿನ ಸ್ಟಾಕ್‌ಹೋಮ್. ಅಲ್ಲಿ ಪ್ರಾಯೋಗಿಕವಾಗಿ ಶುಲ್ಕ ಶುರುವಾದದ್ದು 2006ರ ಜನವರಿಯಲ್ಲಿ. ಹೆಚ್ಚುವರಿ ಬಸ್ಸುಗಳು ರಸ್ತೆಗಿಳಿದದ್ದು ಅದಕ್ಕೂ ಮೊದಲು, 2005ರ ಆಗಸ್ಟಿನಲ್ಲೇ. ಶುಲ್ಕದ ವಲಯ ದಾಟುವ ವಾಹನಗಳು ಸುಮಾರು ಶೇ. 20ರಷ್ಟು ಕಡಿಮೆಯಾದವು. ಮೊದಮೊದಲು ವಿರೋಧಿಸಿದ್ದ ಊರೇ 2006ರ ಸೆಪ್ಟೆಂಬರಿನ ಜನಮತಗಣನೆಯಲ್ಲಿ ಶುಲ್ಕ ಇರಲಿ ಎಂದಿತು, 2007ರಲ್ಲಿ ಅದು ಕಾಯಂ ಆಯಿತು.

ನಮ್ಮಲ್ಲಿ ಈ ಕ್ರಮವೇ ತಲೆಕೆಳಗು. 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬಸ್ಸಿಗೆಂದೇ ಲೇನ್ ಮಾಡಿದ್ದರು, ನೆನಪಿದೆಯಾ? ಆ ಲೇನಿನಲ್ಲಿ ಬಸ್ ನಮ್ಮನ್ನೆಲ್ಲ ಹಿಂದಿಕ್ಕಿ ಹೋಗುವುದನ್ನು ಕಾರಿನಲ್ಲಿ ಕೂತೇ ನೋಡಿದ್ದೇನೆ. ಮುಂದೆ ಮೆಟ್ರೋ ಕಾಮಗಾರಿ ಬಂತು, ಲೇನ್ ಹೋಯಿತು.

ಆ ಲೇನ್ ವಾಪಸ್ ಬರಲಿ, ಬಸ್ ಹೆಚ್ಚಲಿ. ಆಟೋದವರನ್ನೂ ಬೈಕಿನಲ್ಲಿ ಡೆಲಿವರಿ ಮಾಡುವ ಹುಡುಗರನ್ನೂ ಶುಲ್ಕದಿಂದ ಹೊರಗಿಡಿ. ಬಂದ ಹಣ ಬಸ್ಸಿಗೇ ಹೋಗಬೇಕೆಂದು ಕಾನೂನಿನಲ್ಲೇ ಬರೆಯಿರಿ, ಮೇಲ್ಸೇತುವೆಗೂ ಸುರಂಗಕ್ಕೂ ಅದರಲ್ಲಿ ಒಂದು ಪೈಸೆ ಬೇಡ. ಇಷ್ಟಾದ ಮೇಲೆ ನನ್ನ ಕಾರಿಗೆ ದಿನಕ್ಕೆ ನೂರು ರೂಪಾಯಿ ಹಾಕಿ, ಕಟ್ಟುತ್ತೇನೆ.