ಗ್ರೀಕ್ ವೈನ್: ರಾಳದ ವಾಸನೆ, ಪಿಡಿಒ ಮುದ್ರೆ ಕುರಿತ ಸ್ಪಷ್ಟನೆ

‘ಗ್ರೀಕ್ ವೈನ್‌ಗೆಲ್ಲ ಪೈನ್ ರಾಳ ಹಾಕುತ್ತಾರೆ, ಪಿಡಿಒ ಎಂದಿದ್ದರೆ ಶ್ರೇಷ್ಠ, ಪಿಜಿಐ ಎರಡನೇ ದರ್ಜೆ’ ಎಂಬ ಮಾತು ಹರಿದಾಡುತ್ತಿದೆ. ಎರಡೂ ತಪ್ಪು. (ಪಿಡಿಒ, ಪಿಜಿಐ ಎಂದರೆ ವೈನ್ ಯಾವ ಪ್ರದೇಶದ್ದೆಂದು ಹೇಳುವ ಐರೋಪ್ಯ ಒಕ್ಕೂಟದ ಮುದ್ರೆಗಳು.)

ರಾಳ ಬೀಳುವುದು ರೆಟ್ಸಿನಾ ಎಂಬ ಬಗೆಯ ವೈನಿಗೆ ಮಾತ್ರ. ಅದೂ ಅಲೆಪ್ಪೊ ಪೈನ್ ಮರದ್ದು, ರಸ ಹುದುಗುವಾಗಲೇ ಹಾಕಬೇಕು. ಲೀಟರಿಗೆ 10 ಗ್ರಾಂ ಮೀರುವಂತಿಲ್ಲ. ಒಳ್ಳೆಯ ತಯಾರಕರು ಇದಕ್ಕಿಂತ ಬಹಳ ಕಡಿಮೆ ಬಳಸುತ್ತಾರೆ. ಕೈ ಜಾರಿದರೆ ಟರ್ಪೆಂಟೈನ್ ಘಾಟು ದ್ರಾಕ್ಷಿಯನ್ನೇ ನುಂಗಿಬಿಡುತ್ತದೆ. ಈ ಅಪಖ್ಯಾತಿ ಹುಟ್ಟಿದ್ದೇ ಅಲ್ಲಿಂದ.

ಪಿಡಿಒ ಹೇಳುವುದು ಊರು ಮತ್ತು ತಳಿಯ ಕಟ್ಟುಪಾಡನ್ನು, ರುಚಿಯ ಅಂಕವನ್ನಲ್ಲ. ಬಾಟಲಿಯ ಮೇಲೆ ನೌಸಾ ಎಂಬ ಊರಿನ ಹೆಸರು ಬರೆಯಬೇಕಾದರೆ ಪೂರ್ತಿ ಕ್ಸಿನೊಮಾವ್ರೊ, ನೆಮೆಯಾ ಎಂಬ ಊರಿನ ಕೆಂಪು ವೈನಿಗೆ ಪೂರ್ತಿ ಅಯೊರ್ಯಿಟಿಕೊ ದ್ರಾಕ್ಷಿ. ನೆಮೆಯಾದ ತೋಟದವನು ಅದಕ್ಕೆ ಕ್ಯಾಬರ್ನೆ ಎಂಬ ಬೇರೆ ತಳಿಯನ್ನು ತುಸು ಬೆರೆಸಿದರೆ ಆ ಹೆಸರು ಹೋಯಿತು. ವೈನ್ ಎಷ್ಟೇ ಚೆನ್ನಾಗಿರಲಿ, ನೆಮೆಯಾವನ್ನೂ ಒಳಗೊಂಡ ಪೆಲೊಪೊನೀಸ್‌ನಂಥ ದೊಡ್ಡ ಪ್ರದೇಶದ ಪಿಜಿಐ ಆಗಿ ಮಾರಬೇಕು. ಬೆಲೆಯಲ್ಲೂ ಗುಣದಲ್ಲೂ ಪಿಡಿಒಗಳನ್ನು ಮೀರಿಸುವ ಪಿಜಿಐಗಳು ಸಾಕಷ್ಟಿವೆ. ಪಿಜಿಐಗೆ ಕನಿಷ್ಠ ಶೇ. 85 ದ್ರಾಕ್ಷಿ ಆ ಪ್ರದೇಶದ್ದಾಗಿದ್ದರೆ ಸಾಕು, ಪಿಡಿಒಗೆ ಅಷ್ಟೂ ಅಲ್ಲಿಯದೇ ಬೇಕು.

ಇನ್ನೊಂದು ಗೊಂದಲ: ಬಾಟಲಿಯ ಬಾಯಿಗೆ ಅಂಟಿಸಿದ ಕೆಂಪು ಪಟ್ಟಿ ಕೆಂಪು ವೈನಿನ ಗುರುತಲ್ಲ. ಪಿಡಿಒ ಬಿಳಿ ವೈನಿಗೂ ಅದೇ ಪಟ್ಟಿ. ನೀಲಿಯದು ಸಾಮೋಸ್‌ನಂಥ ಸಿಹಿ ವೈನಿಗೆ.