ಲೆಕ್ಕ ಬೇಕು, ಆದ್ರೆ ಬಾಣಂತಿಯನ್ನು ಬಾಗಿಲಲ್ಲಿ ನಿಲ್ಲಿಸಿ ಅಲ್ಲ
ಅಂಗನವಾಡಿಯಿಂದ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ 2025ರ ಜುಲೈನಿಂದ ಆ್ಯಪ್‌ನಲ್ಲಿ ಮುಖ ತೋರಿಸಿ ಗುರುತು ಖಚಿತಪಡಿಸುವುದನ್ನು ಕಡ್ಡಾಯ ಮಾಡಿದ್ದು ಸರಿ, ಸೋರಿಕೆ ನಿಲ್ಲುತ್ತದೆ ಎಂದು ಬರೆದಿದ್ದೀರಿ. ಸುಳ್ಳು ಹೆಸರು ಹೋಗಬೇಕು, ಒಪ್ಪಿದೆ. ಆದರೆ ನನ್ನ ತಂಗಿ ಬಾಣಂತಿ. ಕೂಸನ್ನು ಎತ್ತಿಕೊಂಡು ಹೋದಳು, ನೆಟ್‌ವರ್ಕ್ ಇಲ್ಲ. ನೆಟ್‌ವರ್ಕ್ ಬಂದ ಮೇಲೆ ಕಣ್ಣು ಮಿಟುಕಿಸು ಅಂದಿತು ಆ್ಯಪ್. ಮಿಟುಕಿಸಿದಳು. ಮತ್ತೆ ಮಿಟುಕಿಸು! ಆಧಾರ್ ಒಟಿಪಿ ಬರುವ ಫೋನು ಕೆಲಸಕ್ಕೆ ಹೋದ ಗಂಡನ ಜೇಬಿನಲ್ಲಿ. (ಟೀಚರನ್ನು ಬೈದು ಪ್ರಯೋಜನವಿಲ್ಲ, ಪಾಪ, ಅವರೂ ಸುಸ್ತು.) ಬರಿಗೈಲಿ ವಾಪಸ್ ಬಂದಳು. ಈಗ ಆ ತಿಂಗಳ ಲೆಕ್ಕದಲ್ಲಿ ಅವಳು 'ಸೋರಿಕೆ ತಡೆದದ್ದು' ಅಂತ ಸೇರಿದ್ದಾಳಾ? ಮೊದಲು ಆಹಾರ ಕೊಡಿ, ಅನುಮಾನ ಇದ್ದರೆ ಆಮೇಲೆ ವಿಚಾರಿಸಿ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಗ್ರಾಮಸಭೆಯೇ ಲೆಕ್ಕ ಕೇಳುವ ಸಾಮಾಜಿಕ ಪರಿಶೋಧನೆ ಇತ್ತಲ್ವಾ? ಇಲ್ಲೂ ಹಾಗೇ ಲೆಕ್ಕ ಕೇಳಬಹುದಲ್ಲ.